ರೋಸ್ವೀಟಾಳ ಗೆರೆ

ರೋಸ್ವೀಟಾ ನಮ್ಮೂರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಈಜು ಬರುತ್ತಿರಲಿಲ್ಲ. ಲೇಯನ್‌ಬಾಖಿನಂಥ ಊರಿನಲ್ಲಿ ಇದು ಸಣ್ಣ ಕೊರತೆಯೇನಲ್ಲ. ಮೋಜೆಲ್ ನದಿ ನಮ್ಮ ಕೆಳಗಿನ ಓಣಿಯ ಮೆಟ್ಟಿಲುಗಳನ್ನು ಸವರಿಕೊಂಡೇ ಹರಿಯುತ್ತದೆ, ಇಲ್ಲಿನ ಮಕ್ಕಳು ಸರಿಯಾಗಿ ನಡೆಯಲು ಕಲಿಯುವ ಮೊದಲೇ ಒಂದೆರಡು ಸಲ ನೀರಿಗೆ ಬಿದ್ದು ಎದ್ದಿರುತ್ತಾರೆ. ರೋಸ್ವೀಟಾ ಹುಟ್ಟಿದ್ದು ಮೇಲೆ, ಐಫೆಲ್ ಬೆಟ್ಟದ ನೆತ್ತಿಯ ಹಳ್ಳಿಯೊಂದರಲ್ಲಿ. ಅಲ್ಲಿನವರು ಆಲೂಗಡ್ಡೆ ಬೆಳೆಯುತ್ತಾರೆ, ದ್ರಾಕ್ಷಾರಸವನ್ನು ಮದುವೆಗೊಮ್ಮೆ ಸಾವಿಗೊಮ್ಮೆ ಕಾಣುತ್ತಾರೆ, ನಗುವಾಗಲೂ ಬಾಗಿಲು ಹಾಕಿಕೊಂಡು ನಗುತ್ತಾರೆ ಎಂದು ನಾವು ಕೆಳಗಿನವರು ಹೇಳಿಕೊಳ್ಳುತ್ತೇವೆ. ಅವರು ನಮ್ಮನ್ನು ಕಪ್ಪೆಗಳು ಅನ್ನುತ್ತಾರಂತೆ. ಅನ್ನಲಿ.

ಕ್ಲೆಮೆನ್ಸ್ ಆ ಹಳ್ಳಿಗೆ ದ್ರಾಕ್ಷಾರಸದ ಪೀಪಾಯಿ ಮಾರಲು ಹೋದವನು ಹೆಂಡತಿಯನ್ನು ಗೊತ್ತುಮಾಡಿಕೊಂಡು ಬಂದ. ಅವನ ತಾಯಿ ವಾಲ್ಬುರ್ಗಾ ಸೊಸೆಯನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಅವಳ ಎರಡೂ ಅಂಗೈ ತಿರುಗಿಸಿ ನೋಡಿ, ಕೈ ಗಟ್ಟಿಯಾಗಿವೆ, ಇರಲಿ ಅಂದಳಂತೆ. ಕೈ ನಿಜವಾಗಿಯೂ ಗಟ್ಟಿಯಾಗಿದ್ದವು. ನಮ್ಮ ದ್ರಾಕ್ಷಿ ಇಳಿಜಾರುಗಳು ಎಷ್ಟು ಕಡಿದೆಂದರೆ ಆಡು ಕೂಡ ಅಲ್ಲಿ ಯೋಚಿಸಿ ಕಾಲಿಡುತ್ತದೆ. ಮಳೆಗೆ ಕೆಳಗೆ ಜಾರಿದ ಕಪ್ಪು ಕಲ್ಲಿನ ಚಕ್ಕೆಗಳನ್ನು ಪ್ರತಿ ವರ್ಷ ಬುಟ್ಟಿಯಲ್ಲಿ ಹೊತ್ತು ಮತ್ತೆ ಮೇಲೆ ಸುರಿಯಬೇಕು. ರೋಸ್ವೀಟಾ ಆ ಕೆಲಸವನ್ನು ಗಂಡಸರ ಸಮಕ್ಕೆ ಮಾಡಿದಳು. ಬಳ್ಳಿ ಕಟ್ಟಲು ಕಲಿತಳು, ನಮ್ಮ ಮಾತಿನ ರಾಗ ಕಲಿತಳು, ಪ್ಲಮ್ ಹಣ್ಣಿನ ಕೇಕಿನಲ್ಲಿ ಅತ್ತೆಯನ್ನೂ ಮೀರಿಸಿದಳು. ಆದರೂ ಬೇಕರಿಯಲ್ಲಿ ಅವಳು ಬೆನ್ನು ತಿರುಗಿಸಿದ ಕೂಡಲೇ ಯಾರಾದರೂ ಹೊಸಬರಿಗೆ, ಅವಳು ಬೆಟ್ಟದವಳು ಎಂದು ಹೇಳಿಯೇ ಹೇಳುತ್ತಿದ್ದರು. ಮೂವತ್ತೈದು ವರ್ಷ ಹಾಗೇ ಹೇಳಿದರು. ಮಕ್ಕಳಾಗಲಿಲ್ಲ. ತನ್ನದು ಅಂತ ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಗಂಡ, ಮನೆ, ಆ ಮನೆಯ ಒಂದು ಗೋಡೆ.

ಗೋಡೆಯ ವಿಷಯ ಹೇಳಬೇಕು. ರೋಮನರು ಬಂದು ಬಳ್ಳಿ ನೆಟ್ಟದ್ದು, ಫ್ರೆಂಚರು ಬಂದು ಚರ್ಚಿನ ಗಂಟೆ ಹೊತ್ತುಕೊಂಡು ಹೋದದ್ದು, ಪ್ರಷ್ಯದವರು ಬಂದು ತೆರಿಗೆ ಹೇರಿದ್ದು, ಇದನ್ನೆಲ್ಲ ನಮ್ಮೂರಿನವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ನೆರೆಯ ಮಾತು ಬಂತೆಂದರೆ ಮಾತ್ರ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ನಮ್ಮೂರಿನ ಚರಿತ್ರೆ ಇರುವುದು ಪುಸ್ತಕದಲ್ಲಲ್ಲ, ಮೀನುಗಾರರ ಓಣಿಯ ಮನೆಗಳ ಒಳಗೋಡೆಯ ಮೇಲೆ, ಮೆಟ್ಟಿಲಿನ ಪಕ್ಕದಲ್ಲಿ. ನೀರು ಏರುತ್ತಾ ಏರುತ್ತಾ ಕೊನೆಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ನದಿ ಉಸಿರು ಹಿಡಿಯಿತು ಅನ್ನುತ್ತೇವೆ. ಆಗ ಮನೆಯಾಕೆ ಮಹಡಿಯಿಂದ ಮೆಟ್ಟಿಲಿಳಿದು ಬಂದು, ನೀರಿನ ಅಂಚಿಗೆ ಸರಿಯಾಗಿ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆಯಬೇಕು. ಗಂಡಸರು ಎಳೆಯುವಂತಿಲ್ಲ. ವಸಂತದಲ್ಲಿ ಗೋಡೆ ಒಣಗಿದ ಮೇಲೆ ಗಂಡಸು ಉಳಿ ಸುತ್ತಿಗೆ ಹಿಡಿದು ಆ ಗೆರೆಯನ್ನು ಕೆತ್ತಿ ಪಕ್ಕದಲ್ಲಿ ಇಸವಿ ಹಾಕುತ್ತಾನೆ. ಮನೆಯಾಕೆ ಊರಲ್ಲಿಲ್ಲದಿದ್ದರೆ ಪಕ್ಕದ ಮನೆಯವಳು ಎಳೆಯುತ್ತಾಳೆ, ಆಗ ಆ ಗೆರೆ ಪಕ್ಕದ ಮನೆಯವಳದೇ ಆಗುತ್ತದೆ. ಸಣ್ಣಪುಟ್ಟ ನೆರೆಗೆ ಗೆರೆಯಿಲ್ಲ. ಹೆಂಗಸೊಬ್ಬಳು ತೀರಿಕೊಂಡರೆ ಅವಳಿಗೆಷ್ಟು ಗೆರೆ ಎಂದು ಮಣ್ಣು ಮಾಡಿ ಬರುವಾಗ ದಾರಿಯಲ್ಲೇ ಲೆಕ್ಕ ಹಾಕುತ್ತಾರೆ. ವಾಲ್ಬುರ್ಗಾ ಸತ್ತಾಗ ಮೂರು ಗೆರೆಯ ಹೆಂಗಸು ಹೋದಳು ಅಂದರು. ರೋಸ್ವೀಟಾಳಿಗೆ ಇದ್ದದ್ದು ಒಂದೇ ಒಂದು, ಎಂಬತ್ತಮೂರರ ನೆರೆಯದು, ಅದೂ ಅತ್ತೆಯ ಮೂರಕ್ಕಿಂತ ಕೆಳಗೆ.

ಪಕ್ಕದ ಮನೆಯವಳು ಇರ್ಮೀನಾ. ಸರಕಿನ ದೋಣಿ ನಡೆಸುತ್ತಿದ್ದವನ ವಿಧವೆ, ರೋಸ್ವೀಟಾಳಿಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳು, ಅದೇ ಓಣಿಯಲ್ಲಿ ಹುಟ್ಟಿದವಳು. ಅವಳು ನಕ್ಕರೆ ಆಚೆ ದಡದ ನಾಯಿ ಬೊಗಳುತ್ತಿತ್ತು. ಚರ್ಚಿನ ಹಾಡಿನ ತಂಡದಲ್ಲಿ ಅವಳ ದನಿ, ಹಬ್ಬದ ಅಡುಗೆಯಲ್ಲಿ ಅವಳ ಕೈ, ಜಗಳದ ರಾಜಿಯಲ್ಲಿ ಅವಳ ಮಾತು. ಚಿಕ್ಕಂದಿನಲ್ಲಿ ಕ್ಲೆಮೆನ್ಸ್ ಮತ್ತು ಅವಳು ಒಂದೇ ಹಳೇ ದೋಣಿಯಲ್ಲಿ ಆಡಿ ಬೆಳೆದವರು. ರೋಸ್ವೀಟಾಳಿಗೆ ಅವಳನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಆದರೆ ಕಾರಣ ಕೇಳಿದರೆ ಹೇಳಲು ಏನೂ ಇರಲಿಲ್ಲ. ಇರ್ಮೀನಾ ಯಾರಿಗೂ ಕೆಟ್ಟದ್ದು ಮಾಡಿದವಳಲ್ಲ. ಕೆಟ್ಟದ್ದು ಮಾಡಿದ್ದರೆ ರೋಸ್ವೀಟಾಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ತೊಂಬತ್ತಮೂರನೇ ಇಸವಿಯ ಅಕ್ಟೋಬರಿನಲ್ಲಿ ರೋಸ್ವೀಟಾಳ ಮಂಡಿ ಕೈಕೊಟ್ಟಿತು. ಬೆಟ್ಟ ಹತ್ತಿ ಇಳಿದು ಸವೆದ ಮಂಡಿ. ವೈದ್ಯರು ಚೀಟಿ ಬರೆದುಕೊಟ್ಟರು, ವಿಮೆಯವರು ಒಪ್ಪಿದರು, ಡಿಸೆಂಬರಿನಲ್ಲಿ ಮೂರು ವಾರ ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿ ಇದ್ದು ಬಾ ಎಂದು ಕಳಿಸಿದರು. ಜೀವಮಾನದಲ್ಲಿ ಮೊದಲ ಸಲ ಅವಳು ಯಾರೋ ಬಡಿಸಿದ ಊಟ ಮಾಡಿದಳು. ಹೊರಡುವ ಮೊದಲು ಕ್ರಿಸ್ಮಸ್ಸಿಗೆಂದು ದಾಲ್ಚಿನ್ನಿಯ ನಕ್ಷತ್ರ ಬಿಸ್ಕತ್ತುಗಳನ್ನು ಮಾಡಿ, ಡಬ್ಬಿಗೆ ತುಂಬಿ, ಮಹಡಿಯ ಕಪಾಟಿನಲ್ಲಿಟ್ಟು, ನಾನು ಬರುವವರೆಗೆ ಮುಟ್ಟಕೂಡದು ಎಂದು ಗಂಡನಿಗೆ ತಾಕೀತು ಮಾಡಿದ್ದಳು.

ಅವಳು ವಾಪಸು ಹೊರಟ ದಿನವೇ ನದಿ ರಸ್ತೆಗೆ ಬಂದಿತ್ತು. ಬಸ್ಸು ಬೆಟ್ಟದ ಮೇಲೇ ನಿಂತಿತು. ಕೆಳಗಿಳಿಯುವ ದಾರಿಗಳೆಲ್ಲ ಮುಚ್ಚಿದ್ದವು. ತೌರಿನ ಹಳ್ಳಿಯಲ್ಲಿ ತಂಗಿಯ ಮನೆ ಸೇರಿಕೊಂಡಳು. ಮಾರನೇ ದಿನ ಬೆಳಿಗ್ಗೆ ತಂಗಿಯ ಗಂಡನ ಬೇಟೆಯ ದುರ್ಬೀನು ಕುತ್ತಿಗೆಗೆ ಹಾಕಿಕೊಂಡು ದ್ರಾಕ್ಷಿ ಇಳಿಜಾರಿನ ಅಂಚಿಗೆ ಬಂದು ನೋಡಿದಳು. ಕೆಳಗೆ ಊರೇ ಇರಲಿಲ್ಲ, ಚಾವಣಿಗಳಿದ್ದವು. ತನ್ನ ಚಾವಣಿ ಗುರುತು ಹಿಡಿದಳು. ತನ್ನ ಮಹಡಿಯ ಕಿಟಕಿ ತೆರೆದಿತ್ತು. ಕಿಟಕಿಯಲ್ಲಿ ಎರಡು ತಲೆಗಳಿದ್ದವು.

ಒಂದು ಕ್ಲೆಮೆನ್ಸನದು. ಇನ್ನೊಂದು ಇರ್ಮೀನಾಳದು ಎಂದು ತಿಳಿಯಲು ದುರ್ಬೀನು ಬೇಕಿರಲಿಲ್ಲ. ಇರ್ಮೀನಾಳ ಮನೆ ತಗ್ಗು, ಮಹಡಿಯೂ ಗಿಡ್ಡ, ನೀರು ಹೊಕ್ಕಾಗ ಕ್ಲೆಮೆನ್ಸ್ ದೋಣಿಯಲ್ಲಿ ಹೋಗಿ ಅವಳನ್ನು ಕರೆತಂದಿದ್ದ. ಯಾರಾದರೂ ಮಾಡುವ ಕೆಲಸ. ರೋಸ್ವೀಟಾ ಇದ್ದಿದ್ದರೂ ಅದನ್ನೇ ಮಾಡು ಅನ್ನುತ್ತಿದ್ದಳು. ಆದರೆ ಅವಳು ಇರಲಿಲ್ಲ. ಬೆಟ್ಟದ ಮೇಲೆ ಒದ್ದೆ ಬೂಟಿನಲ್ಲಿ ನಿಂತು, ತನ್ನ ಕಿಟಕಿಯಲ್ಲಿ ಇನ್ನೊಬ್ಬಳು ತನ್ನ ಗಂಡನ ಕೈಯಿಂದ ಏನೋ ತೆಗೆದುಕೊಂಡು ತಿನ್ನುವುದನ್ನು ನೋಡುತ್ತಿದ್ದಳು. ಅವರು ತಿನ್ನುತ್ತಿದ್ದದ್ದು ಏನೆಂದು ಅವಳಿಗೆ ಗೊತ್ತಾಯಿತು. ಕ್ರಿಸ್ಮಸ್ ಮುಗಿಯುವವರೆಗೆ, ನಾಲ್ಕು ದಿನ, ಅವಳು ದಿನವೂ ಬಂದು ಅಲ್ಲಿ ನಿಂತಳು. ತಂಗಿ, ಪಾಪ ಮನೆಯ ಚಿಂತೆ ಅಂದುಕೊಂಡಳು.

ನೀರಿಳಿದು ಅವಳು ಮನೆಗೆ ಬಂದಾಗ ಮೊದಲು ಕಂಡದ್ದು ಕೆಸರಲ್ಲ, ಮನೆ ಕಾಯಿಸುವ ಎಣ್ಣೆಯ ನಾತವಲ್ಲ, ಗೋಡೆಯ ಗೆರೆ. ಅತ್ತೆಯ ಮೂರು ಗೆರೆಗಳಿಗಿಂತ, ತನ್ನ ಒಂದಕ್ಕಿಂತ, ಎಲ್ಲಕ್ಕಿಂತ ಮೇಲೆ, ನೀಟಾಗಿ, ಉದ್ದಕ್ಕೆ. ಇರ್ಮೀನಾ ಎಳೆದದ್ದು. ಆಮೇಲೆ ಇಬ್ಬರೂ ದೋಣಿಯಲ್ಲಿ ಹೋಗಿ ಇರ್ಮೀನಾಳ ಮನೆಯ ಗೆರೆಯನ್ನೂ ಎಳೆದು ಬಂದಿದ್ದರಂತೆ. ನಡುಮನೆಯೊಳಗೆ ದೋಣಿ ನುಗ್ಗಿಸಿದ್ದನ್ನು ಕ್ಲೆಮೆನ್ಸ್ ಕಣ್ಣರಳಿಸಿ ಹೇಳಿದ. ಇರ್ಮೀನಾ ಚಾವಣಿಯ ದೀಪಕ್ಕೆ ತಲೆ ಹೊಡೆಸಿಕೊಂಡದ್ದು, ಇಬ್ಬರೂ ನಕ್ಕು ನಕ್ಕು ದೋಣಿ ಮಗುಚುವಂತಾದದ್ದು. ರೋಸ್ವೀಟಾ ಡಬ್ಬಿ ತೆರೆದು ನೋಡಿದಳು. ತಳದಲ್ಲಿ ಪುಡಿ ಇತ್ತು.

ವಸಂತದಲ್ಲಿ ಕ್ಲೆಮೆನ್ಸ್ ಎಂದಿನಂತೆ ಉಳಿ ತೆಗೆದುಕೊಂಡು ಆ ಗೆರೆಯನ್ನು ಕೆತ್ತಿದ. ಕೆತ್ತುವಾಗ ಸಿಳ್ಳೆ ಹಾಕುತ್ತಿದ್ದ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಗಂಡಸಲ್ಲವೇ.

ಅದಕ್ಕೂ ಮೊದಲೇ ಫೆಬ್ರವರಿಯಲ್ಲಿ ಉಪವಾಸದ ದಿನಗಳ ಮುಂಚಿನ ವೇಷದ ಹಬ್ಬ ಬಂದಿತ್ತು. ಆ ಹಬ್ಬದಲ್ಲಿ ಒಬ್ಬ ಪೀಪಾಯಿಯೊಳಗೆ ನಿಂತು ಊರಿನವರನ್ನೆಲ್ಲ ಗೇಲಿ ಮಾಡುತ್ತಾನೆ, ಯಾರೂ ಮುನಿಸಿಕೊಳ್ಳುವಂತಿಲ್ಲ. ನಮ್ಮಲ್ಲಿ ಆ ಪೀಪಾಯಿ ಕ್ಷೌರಿಕ ಊರ್ಬಾನನಿಗೆ ಮೀಸಲು. ಕತ್ತರಿಗಿಂತ ಅವನ ನಾಲಿಗೆಯೇ ಚೂಪು. ಆ ವರ್ಷ ಅವನು ಬೈಬಲಿನ ಜಲಪ್ರಳಯದ ನೋಹನ ಕಥೆ ಎತ್ತಿಕೊಂಡ.

"ಎಲ್ಲಾ ಪ್ರಾಣಿಗಳೂ ಜೋಡಿ ಜೋಡಿಯಾಗಿ ಹಡಗು ಹತ್ತಿದ್ವು. ನೋಹನ ಹೆಂಡ್ತಿ ಮಾತ್ರ ಮಂಡಿಗೆ ಬಿಸಿನೀರು ಹಾಕಿಸ್ಕೊಳ್ಳೋಕೆ ಹೋಗಿದ್ಲು. ನೋಹ ಏನ್ ಮಾಡ್ತಾನೆ ಪಾಪ, ದೇವರ ಮಾತು ಮೀರೋ ಹಾಗಿಲ್ಲ, ಪಕ್ಕದ ಮನೆಯವಳನ್ನೇ ಹತ್ತಿಸ್ಕೊಂಡ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಇರ್ಮೀನಾ ಕಣ್ಣೊರೆಸಿಕೊಂಡು ನಕ್ಕಳು. ಕ್ಲೆಮೆನ್ಸ್ ಮುಖ ಕೆಂಪು ಮಾಡಿಕೊಂಡು, ಆದರೆ ಖುಷಿಯಾಗಿಯೇ, ನಕ್ಕ. ರೋಸ್ವೀಟಾ ಹಲ್ಲು ಕಚ್ಚಿಕೊಂಡು ತುಟಿ ಅಗಲಿಸಿದಳು. ಅದೂ ನಗುವಿನ ಲೆಕ್ಕಕ್ಕೇ ಸೇರಿತು.

ಅಲ್ಲಿಂದ ಮುಂದೆ ಅವಳಿಗೆ ನೆಮ್ಮದಿಯಿಲ್ಲ. ಊರಿಗೆ ಬೇರೆ ಮಾತೇ ಇರಲಿಲ್ಲ. ಆ ದಿನ ನೀನೆಲ್ಲಿದ್ದೆ, ಮೊದಲ ಮೆಟ್ಟಿಲಿಗೆ ಯಾವಾಗ ಬಂತು, ಸೋಫಾ ಹೇಗೆ ಮೇಲೆತ್ತಿದೆ. ಅವಳು ಬಾಯಿ ತೆರೆದರೆ ಯಾರಾದರೂ ಮೆತ್ತಗೆ, ನೀನಿರಲಿಲ್ಲ ಬಿಡು, ನಿಂಗೆ ಗೊತ್ತಾಗಲ್ಲ ಅನ್ನುತ್ತಿದ್ದರು. ಅವರು ಅದನ್ನು ಕೊಂಕಿಗೆ ಹೇಳುತ್ತಿರಲಿಲ್ಲ. ಕನಿಕರದಿಂದ ಹೇಳುತ್ತಿದ್ದರು. ಊಟಕ್ಕೆ ಕೂತಾಗ ಕ್ಲೆಮೆನ್ಸ್ ಸುಮ್ಮನೆ ಒಬ್ಬನೇ ನಗುತ್ತಿದ್ದ. ಏನು ಅಂದರೆ, ಏನಿಲ್ಲ, ಇರ್ಮೀನಾ ಆವತ್ತು ಒಂದು ಮಾತು ಹೇಳಿದ್ಲು, ಈಗ ಹೇಳಿದ್ರೆ ಅದರಲ್ಲಿ ಸ್ವಾರಸ್ಯ ಇಲ್ಲ ಅನ್ನುತ್ತಿದ್ದ. ಮಹಡಿಗೆ ಹತ್ತುವಾಗ, ಇಳಿಯುವಾಗ, ಒಗೆದ ಬಟ್ಟೆಯ ಬುಟ್ಟಿ ಹಿಡಿದು ಹೋಗುವಾಗ, ಆ ಗೆರೆ ಅವಳ ಭುಜದ ಮಟ್ಟಕ್ಕೆ ಇರುತ್ತಿತ್ತು. ಅಲ್ಲೊಂದು ಕೋಟು ನೇತುಹಾಕುವ ಗೂಟ ಹೊಡಿ ಎಂದು ಗಂಡನಿಗೆ ಹೇಳಿ ನೋಡಿದಳು. ನೆರೆಯ ಗೆರೆ ಮುಚ್ಚುತ್ತಾರಾ ಯಾರಾದರೂ ಎಂದು ಅವನು ಬೆರಗಾದ. ಗಂಡನ ಮೇಲೆ ಅನುಮಾನವಿತ್ತೇ ಎಂದು ಕೇಳಿದರೆ ಇಲ್ಲ. ಅನುಮಾನ ಪಡುವಂಥದ್ದು ಏನಾದರೂ ನಡೆದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಬರೀ ನಕ್ಕಿದ್ದಕ್ಕೆ ಏನೆಂದು ಜಗಳವಾಡುವುದು? ತಾನಿಲ್ಲದಾಗ ಅವನು ಅಷ್ಟು ನಕ್ಕನಲ್ಲ ಎಂಬುದೇ ಅವಳನ್ನು ತಿನ್ನುತ್ತಿತ್ತು.

ಅವಳಿಗೆ ಬೇಕಾಗಿದ್ದದ್ದು ಒಂದೇ, ಇನ್ನೊಂದು ನೆರೆ. ಇದನ್ನು ಅವಳು ಯಾರ ಹತ್ತಿರವೂ ಹೇಳಲಿಲ್ಲ, ಪಾಪನಿವೇದನೆಯಲ್ಲಿ ಪಾದ್ರಿಗೂ ಹೇಳಲಿಲ್ಲ. ಊರಿಗೆ ಊರೇ ಇನ್ನೂ ಕೆಸರು ಕೆರೆಯುತ್ತಿರುವಾಗ, ಹೊಸದಾಗಿ ಕೊಂಡ ಒಲೆಯ ಕಾಗದ ಇನ್ನೂ ಬಿಚ್ಚಿರದಿರುವಾಗ, ಅವಳು ಮಂಡಿಯೂರಿ ಮಾತೆ ಮರಿಯಳ ಮುಂದೆ, ಇನ್ನೊಂದು ಬರಲಿ, ಅದಕ್ಕಿಂತ ಎತ್ತರಕ್ಕೆ ಬರಲಿ ಎಂದು ಬೇಡಿಕೊಂಡಳು. ತನ್ನ ಮನೆಗೇ ತಾನು ನೀರು ಕೇಳಿದಳು.

ಮಾತೆ ಮರಿಯ ಕೇಳಿಸಿಕೊಂಡಳೋ, ಬೆಟ್ಟದ ಹಿಮ ಒಮ್ಮೆಗೇ ಕರಗಿತೋ, ತೊಂಬತ್ತೈದರ ಜನವರಿಯಲ್ಲಿ ರೇಡಿಯೋ ಮತ್ತೆ ನದಿಯ ಮಟ್ಟ ಓದತೊಡಗಿತು. ಓಣಿಯವರು ತಲೆಗೆ ಕೈ ಹೊತ್ತರು. ರೋಸ್ವೀಟಾ ಮಾತ್ರ ಮದುವೆಮನೆಯ ಯಜಮಾನಿಯಂತೆ ಓಡಾಡಿದಳು. ಮೊದಲ ಕೆಲಸವಾಗಿ ಪಕ್ಕದ ಮನೆಗೆ ಹೋಗಿ, ನಿನ್ನ ಮನೆ ತಗ್ಗು, ಈ ಸಲ ಮೊದಲೇ ಮೇಲೆ ನಿನ್ನ ತಂಗಿಮಗಳ ಮನೆಗೆ ಹೋಗಿಬಿಡು, ಜೀವಕ್ಕಿಂತ ಹೆಚ್ಚೇನಿದೆ ಎಂದು ಇರ್ಮೀನಾಳಿಗೆ ಬುದ್ಧಿ ಹೇಳಿದಳು. ಅಷ್ಟೇ ಅಲ್ಲ, ಅವಳ ಚೀಲವನ್ನು ತಾನೇ ಹೊತ್ತು ಚರ್ಚಿನವರೆಗೆ ಬಿಟ್ಟು ಬಂದಳು. ಇರ್ಮೀನಾ ಅವಳ ಕೆನ್ನೆಗೆ ಮುತ್ತಿಟ್ಟಳು. ರೋಸ್ವೀಟಾ ಇಳಿದು ಬರುವಾಗ ಅದನ್ನು ಒರೆಸಿಕೊಂಡಳು.

ಆಮೇಲೆ ಮಹಡಿಯನ್ನು ಸಜ್ಜು ಮಾಡಿದಳು. ಬಿಸ್ಕತ್ತಿನ ಡಬ್ಬಿ, ಹೊಸ ಇಸ್ಪೀಟು ಕಟ್ಟು, ದೀಪಗಳು, ಅವನಿಗಿಷ್ಟವಾದ ಆಲೂಗಡ್ಡೆ ರೊಟ್ಟಿಗೆ ತುರಿದಿಟ್ಟ ಸೇಬು. ಕೂದಲನ್ನೂ ತಿದ್ದಿಕೊಂಡಳು. ನೀರು ಹೊಸ್ತಿಲು ದಾಟಿದಾಗ ಇಬ್ಬರೂ ಮೇಲೆ ಹೋದರು, ಅವಳು ಅವನ ಎದುರಿಗೆ ಕೂತು ಕಾದಳು.

ಏನೂ ಆಗಲಿಲ್ಲ. ಕ್ಲೆಮೆನ್ಸನಿಗೆ ನೆಗಡಿ. ಪೀಪಾಯಿಗಳನ್ನು ಎತ್ತಿ ಕಟ್ಟಿ ಬೆನ್ನು ಹಿಡಿದುಕೊಂಡಿತ್ತು. ಎರಡು ಆಟ ಇಸ್ಪೀಟು ಆಡಿ ಕಣ್ಣು ಉರಿಯುತ್ತದೆ ಎಂದು ಮಲಗಿದ. ಎಚ್ಚರವಿದ್ದಾಗ ಕಿಟಕಿಯಿಂದ ನೀರು ನೋಡಿ, ಮತ್ತೆ ಗೋಡೆ ಕೆರೀಬೇಕು, ಮತ್ತೆ ಒಲೆ ಹೋಯ್ತು ಎಂದು ಗೊಣಗಿದ. ಅವಳು ನಗಿಸಲು ನೋಡಿದಳು. ನಗಿಸುವುದು ಅವಳ ಕೈಯಲ್ಲಿ ಯಾವತ್ತೂ ಆದ ಕೆಲಸವಲ್ಲ. ಇರ್ಮೀನಾ ಇದ್ದಾಗ ಏನು ಮಾಡುತ್ತಿದ್ದಿರಿ ಎಂದು, ಹಗುರಾಗಿ ಕೇಳಿದಂತೆ ಕೇಳಿದಳು. ಏನು ಮಾಡ್ತಾರೆ, ನೀರು ಇಳಿಯೋದನ್ನ ಕಾಯ್ತಾ ಇದ್ವಿ ಅಂದು ಅವನು ಸೀನಿದ. ಆದರೆ ಹಾಗೆ ಅನ್ನುವಾಗ ಅವನ ತುಟಿಯಂಚಿನಲ್ಲಿ ಒಂದು ನಗು ಬಂದು ಹೋದದ್ದನ್ನು ಅವಳು ಕಂಡಳು.

ಮೂರನೇ ದಿನ ಮಧ್ಯಾಹ್ನ ನದಿ ಉಸಿರು ಹಿಡಿಯಿತು. ಮಹಡಿಯ ಮೇಲೆ ಕ್ಲೆಮೆನ್ಸ್ ಗೊರಕೆ ಹೊಡೆಯುತ್ತಿದ್ದ. ರೋಸ್ವೀಟಾ ಇದ್ದಿಲು ಹಿಡಿದು ಮೆಟ್ಟಿಲಿಳಿದಳು. ಕಂದು ನೀರು ಅಲುಗಾಡದೆ ನಿಂತಿತ್ತು, ಅದರ ಮೇಲೆ ಎಣ್ಣೆಯ ಪೊರೆ ಮಿನುಗುತ್ತಿತ್ತು. ಅತ್ತೆಯ ಗೆರೆಗಳು ಮುಳುಗಿದ್ದವು, ಅವಳದೂ ಮುಳುಗಿತ್ತು. ಇರ್ಮೀನಾಳದು ಮಾತ್ರ ಒಂದು ಗೇಣು ಮೇಲೆ, ಒಣಗಿಕೊಂಡು, ಹಾಗೇ ಇತ್ತು. ಸ್ವಲ್ಪ ಹೊತ್ತು ಕಾದಳು. ಇನ್ನೊಂಚೂರು ಏರು, ಇನ್ನೊಂಚೂರು ಎಂದು ನದಿಯನ್ನು ಬೇಡಿದಳು. ನದಿ ಏರಲಿಲ್ಲ.

ಆಗ ಅವಳು ನಮ್ಮೂರಿನ ಯಾವ ಹೆಂಗಸೂ ಮಾಡದ ಕೆಲಸ ಮಾಡಿದಳು. ಕೈಯೆತ್ತಿ, ಇರ್ಮೀನಾಳ ಗೆರೆಗಿಂತ ಎರಡು ಬೆರಳು ಮೇಲೆ, ಒಣ ಗೋಡೆಯ ಮೇಲೆ, ಈ ತುದಿಯಿಂದ ಆ ತುದಿಗೆ ಗೆರೆ ಎಳೆದಳು. ನೀರಿಳಿದ ಮೇಲೆ ಕೆಸರಿನ ಕಲೆ ತನ್ನ ಸುಳ್ಳನ್ನು ಹೇಳಿಬಿಡುತ್ತದೆಂದು, ಅಂಗೈಯಲ್ಲಿ ಕೆಸರು ತೆಗೆದುಕೊಂಡು ಗೆರೆಯವರೆಗೂ ಮೆತ್ತಿದಳು. ಮೆತ್ತುವಾಗ ಅವಳಿಗೆ ಎಷ್ಟೋ ತಿಂಗಳಿನಿಂದ ಇಲ್ಲದ ಹಾಯೆನಿಸಿತು.

ಆದರೆ ಬೆಟ್ಟದಲ್ಲಿ ಹುಟ್ಟಿದವಳು. ನದಿಯ ಊರಿನ ಕೂಸಿಗೂ ಗೊತ್ತಿರುವ ಒಂದು ವಿಷಯ, ಆ ಹೊತ್ತಿನಲ್ಲಿ, ಅವಳ ತಲೆಗೆ ಹೊಳೆಯಲೇ ಇಲ್ಲ. ನೀರು ಎಲ್ಲರ ಮನೆಯಲ್ಲೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ.

ಕೆಸರು ಬಳಿದು ಮುಗಿದ ಮೇಲೆ ಓಣಿಯವರು ಒಂದು ಭಾನುವಾರ ಬಾಟಲಿ ಹಿಡಿದು ಮನೆಯಿಂದ ಮನೆಗೆ ಗೆರೆ ನೋಡಲು ಹೋಗುವುದು ವಾಡಿಕೆ. ಊರ್ಬಾನನ ಮನೆಯಲ್ಲಿ ಹೊಸ ಗೆರೆ ತೊಂಬತ್ತಮೂರರದಕ್ಕಿಂತ ಒಂದು ಗೇಣು ಕೆಳಗಿತ್ತು. ಅದರಾಚೆ ಮನೆಯಲ್ಲೂ ಒಂದು ಗೇಣು ಕೆಳಗೆ. ಅದರಾಚೆಯೂ ಹಾಗೇ. ಪ್ರತಿ ಮನೆಯಲ್ಲೂ ರೋಸ್ವೀಟಾ ಜನರ ಹಿಂದೆ ಹಿಂದೆ ಸರಿಯತೊಡಗಿದಳು. ಅವಳಿಗೆ ಈಗ ಹೊಳೆದಿತ್ತು. ಹೋಗಿ ಒರೆಸಿಬಿಡಲು ಹೊತ್ತು ಮೀರಿತ್ತು.

ಅವಳ ಮನೆಯೊಳಗೆ ಎಲ್ಲರೂ ಬಂದು ಗೋಡೆ ನೋಡಿದರು. ಕ್ಲೆಮೆನ್ಸ್ ಗೆರೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಗೆರೆಯನ್ನು ನೋಡಿದ. ಇಷ್ಟು ದಿನ ಅದರ ಪಕ್ಕದಲ್ಲೇ ಓಡಾಡಿದವನು ಇವತ್ತು ಮೊದಲ ಸಲ ನೋಡುತ್ತಿದ್ದಾನೆ ಎಂದು ಜನ ಅಂದುಕೊಂಡರು. ಊರ್ಬಾನ್ ಲೋಟ ಕೆಳಗಿಟ್ಟ.

"ನಿಮ್ಮನೇಲಿ ಮಾತ್ರ ಮೋಜೆಲ್‌ಗೆ ಗೂನು ಬಂದಿತ್ತೇನೋ" ಅಂದ.

ನಗು ಸಿಡಿಯಿತು. ಅಗ್ನಿಶಾಮಕದವರ ದೋಣಿ ಹೋದಾಗ ಅಲೆ ಎದ್ದಿತ್ತು ಎಂದು ರೋಸ್ವೀಟಾ ಏನೋ ಹೇಳಿದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ಇರ್ಮೀನಾ ಒಬ್ಬಳೇ ನಗಲಿಲ್ಲ. "ನಮ್ಮನೆಗೆ ಬನ್ನಿ, ನಮ್ಮನೇಲಿ ಇನ್ನೂ ಗೆರೇನೇ ಎಳೆದಿಲ್ಲ" ಎಂದು ಎಲ್ಲರನ್ನೂ ಬಾಗಿಲಿನಿಂದ ಆಚೆ ಹೊರಡಿಸಿದಳು.

ಇರ್ಮೀನಾಳ ನಡುಮನೆಯ ಗೋಡೆ ಬೆಳ್ಳಗಿತ್ತು. ಕೆಸರಿನ ಕಲೆಯ ಗುರುತೇ ಇಲ್ಲದಂತೆ ಉಜ್ಜಿ ತೊಳೆದಿದ್ದಳು. ಗೆರೆ ಎಳೆಯುವ ಮೊದಲು ಯಾರೂ ಕಲೆ ತೊಳೆಯುವುದಿಲ್ಲ. ಹಿಂದಿನ ದಿನ ಇರ್ಮೀನಾ ಬಕೆಟ್ ಕೇಳಲು ಬಂದಾಗ ತನ್ನ ಗೋಡೆಯ ಮುಂದೆ ಒಂದು ಗಳಿಗೆ ನಿಂತದ್ದು ರೋಸ್ವೀಟಾಳ ನೆನಪಿಗೆ ಬಂತು. ಇರ್ಮೀನಾ ಒಲೆಯ ಪಕ್ಕದಿಂದ ಇದ್ದಿಲಿನ ತುಂಡು ತಂದು ಅವಳ ಕೈಗಿಟ್ಟಳು.

"ಈ ಸಲ ನಾನಿರಲಿಲ್ಲ. ನೀನಿದ್ದೆ. ನೀನೇ ಎಳೀಬೇಕು" ಅಂದಳು. "ನೀನೆಲ್ಲಿ ಎಳೀತೀಯೋ ಅಲ್ಲೀವರೆಗೇ ಬಂದಿದ್ದು."

ರೋಸ್ವೀಟಾಳಿಗೆ ಎಲ್ಲ ಅರ್ಥವಾಯಿತು. ಈಗ ಇಲ್ಲಿಯೂ ಎರಡು ಬೆರಳು ಮೇಲೆ ಎಳೆದರೆ ಎರಡು ಮನೆ ಒಂದು ಮಾತು. ಓಣಿಯ ಈ ತುದಿಯಲ್ಲಿ ನೀರು ನುಗ್ಗಿದ್ದು ಹೆಚ್ಚು ಎಂದು ಹೇಳಿಕೊಳ್ಳಬಹುದು. ನಗುವವರು ನಗಲಿ, ಒಬ್ಬಳೇ ನಗೆಪಾಟಲಾಗುವುದು ತಪ್ಪುತ್ತದೆ. ಇರ್ಮೀನಾ ತನ್ನ ಗೋಡೆಯನ್ನು, ತನ್ನ ಹೆಸರನ್ನು ಅವಳ ಸುಳ್ಳಿಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು. ಕೊಂಕಿಲ್ಲ, ಕರುಣೆಯ ಮುಖವೂ ಇಲ್ಲ.

ಅದನ್ನು ಕಂಡು ರೋಸ್ವೀಟಾಳ ಹೊಟ್ಟೆ ಹಿಂದೆಂದೂ ಉರಿಯದಷ್ಟು ಉರಿಯಿತು. ಗಂಡನ ನಗು ಇವಳದು, ಗೋಡೆಯ ಗೆರೆ ಇವಳದು, ಬಿಸ್ಕತ್ತೂ ಇವಳ ಹೊಟ್ಟೆಗೆ. ಈಗ ನಾನು ಹೇಳಿದ ಸುಳ್ಳನ್ನೂ ಇವಳೇ ಕೈಹಿಡಿದು ನಡೆಸಬೇಕೇ? ಎಲ್ಲ ಬಿಟ್ಟೇನು, ಇವಳ ಭಿಕ್ಷೆ ತಿನ್ನಲಾರೆ ಅನ್ನಿಸಿತು. ಅಲ್ಲಿ ಕೆತ್ತಿದ್ದ ತೊಂಬತ್ತಮೂರರ ಗೆರೆಯಿಂದ ತನ್ನ ಗೇಣು ಬಿಡಿಸಿ ಕೆಳಗೆ ಅಳೆದಳು. ಅಲ್ಲಿ, ಊರಿನ ಎಲ್ಲ ಮನೆಗಳಲ್ಲಿ ಇದ್ದಲ್ಲೇ, ಒಂದು ಚೂರೂ ಓರೆಯಾಗದಂತೆ, ನಿಜವಾದ ಗೆರೆ ಎಳೆದಳು.

"ಇಷ್ಟೇ ಬಂದಿದ್ದು" ಅಂದಳು. "ನಮ್ಮನೇಲೂ ಇಷ್ಟೇ."

ಇದ್ದಿಲನ್ನು ಇರ್ಮೀನಾಳ ಕೈಗೆ ತುರುಕಿ, ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು. ಆಮೇಲೆ ಊರು ಆ ಮಾತನ್ನು ಬಿಡಲಿಲ್ಲ. ಮೀನಿನ ಗಾತ್ರ ಹಿಗ್ಗಿಸಿ ಹೇಳಿದವನಿಗೆ, ರೋಸ್ವೀಟಾಳ ಗೆರೆಯಿಂದ ಅಳೆದ್ಯಾ ಎಂದು ಕೇಳುವುದು ಆಗಿನಿಂದಲೇ ಶುರುವಾಯಿತು. ನಾನೂ ಕೇಳಿದ್ದೇನೆ, ಸುಳ್ಳೇಕೆ ಹೇಳಲಿ. ಅವಳು ಬೇಕರಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಬ್ರೆಡ್ ಸುಟ್ಟುಕೊಂಡಳು. ಇರ್ಮೀನಾ ಎರಡು ಸಲ ಬಾಗಿಲು ತಟ್ಟಿದಳು, ಅವಳು ತೆರೆಯಲಿಲ್ಲ. ನಾನೆಳೆದ ಗೆರೆಯ ಮೇಲೆ ಸುಣ್ಣ ಬಳಿದುಬಿಡು ಎಂದು ಗಂಡನಿಗೆ ಹೇಳಿದಳು. ಗೋಡೆ ಒಣಗಲಿ ಎಂದಷ್ಟೇ ಅವನು ಹೇಳಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಏಪ್ರಿಲ್ ಬಂತು. ಒಂದು ದಿನ ಅವಳು ಬಳ್ಳಿ ಕಟ್ಟಿ ಇಳಿಜಾರಿನಿಂದ ಕುಂಟುತ್ತಾ ಇಳಿದು ಬಂದಾಗ ಮನೆಯೊಳಗಿನಿಂದ ಸುತ್ತಿಗೆಯ ಸದ್ದು ಕೇಳಿಸಿತು. ಕ್ಲೆಮೆನ್ಸ್ ಮೆಟ್ಟಿಲ ಮೇಲೆ ನಿಂತು ಗೋಡೆ ಕೆತ್ತುತ್ತಿದ್ದ. ಒಂದು ಗೇಣು ಕೆಳಗಲ್ಲ. ಇರ್ಮೀನಾಳ ಗೆರೆಗಿಂತ ಎರಡು ಬೆರಳು ಮೇಲೆ, ಅವಳು ಎಳೆದಲ್ಲೇ. ಈ ಸಲ ಸಿಳ್ಳೆ ಇರಲಿಲ್ಲ. ಅರ್ಧ ಗೆರೆ ಆಗಲೇ ಕಲ್ಲಿನೊಳಗೆ ಇಳಿದಿತ್ತು.

"ಅದು ಸುಳ್ಳು ಗೆರೆ. ಊರಿಗೆಲ್ಲಾ ಗೊತ್ತಿದೆ" ಅಂದಳು ರೋಸ್ವೀಟಾ.

"ಗೊತ್ತಿದೆ" ಅಂದ ಅವನು, ಕೈ ನಿಲ್ಲಿಸದೆ.

ಅವಳು ಬುಟ್ಟಿ ಇಳಿಸಿದಳು. ಹದಿನೈದು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದನ್ನು ಕೊನೆಗೂ ಕೇಳಿದಳು.

"ಆ ನಾಲ್ಕು ದಿನ ಅವಳ ಜೊತೆ ಚೆನ್ನಾಗಿತ್ತಾ?"

ಕ್ಲೆಮೆನ್ಸ್ ಉಳಿ ಕೆಳಗಿಟ್ಟ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಯೋಚಿಸಿ ಮಾತಾಡಲೂ ಬರುತ್ತಿರಲಿಲ್ಲ. ಗೋಡೆಯ ಪುಡಿಯನ್ನು ಬಾಯಿಂದ ಊದಿದ.

"ಚೆನ್ನಾಗಿತ್ತು ಕಣೆ. ಅಷ್ಟು ನಕ್ಕಿದ್ದು ನನಗೆ ನೆನಪೇ ಇಲ್ಲ."

ರೋಸ್ವೀಟಾ ಮೆಟ್ಟಿಲ ಮೇಲೆ ಕೂತಳು. ಗೊತ್ತಿದ್ದದ್ದೇ. ಆದರೂ ಅವನ ಬಾಯಿಂದಲೇ ಕೇಳಬೇಕಾಯಿತು. ಅವನು ಅವಳನ್ನು ಸಮಾಧಾನ ಮಾಡಲು ಕೆಳಗೆ ಇಳಿಯಲಿಲ್ಲ. ಮತ್ತೆ ಉಳಿ ಕೈಗೆ ತೆಗೆದುಕೊಂಡು, ಗೆರೆ ಎಲ್ಲಿ ನಿಂತಿತ್ತೋ ಅಲ್ಲಿಗೆ ಅದರ ಬಾಯಿ ಹೊಂದಿಸಿದ.

"ನದಿ ಅಲ್ಲಿ ಕೆಳಗೇ ನಿಂತಿತ್ತು" ಅಂದ, ಗೋಡೆಯ ಕಡೆ ಮುಖ ಮಾಡಿಕೊಂಡೇ. "ನಿಂಗೆ ಇಲ್ಲೀವರೆಗೆ ಬಂದಿತ್ತು. ನಾನು ನೋಡ್ಲಿಲ್ಲ."

ಸುತ್ತಿಗೆ ಮತ್ತೆ ಶುರುವಾಯಿತು. ಕಲ್ಲಿನ ಪುಡಿ ಅವಳ ತಲೆಯ ಮೇಲೆ ಉದುರುತ್ತಿತ್ತು. ಗೆರೆ ಆ ತುದಿ ಮುಟ್ಟಿ, ಅವನು ಇಸವಿ ಕೆತ್ತಲು ಅಣಿಯಾದಾಗ, ಅವಳು ಸೊಂಟಕ್ಕೆ ಕಟ್ಟಿದ ಕೆಲಸದ ಬಟ್ಟೆಯಿಂದ ಮೂಗು ಒರೆಸಿಕೊಂಡು ಎದ್ದು ನಿಂತಳು.

"ಅಂಕಿ ದೊಡ್ಡದಾಗಿ ಕೆತ್ತು" ಅಂದಳು. "ಅವಳದಕ್ಕಿಂತ ದೊಡ್ಡದಾಗಿ."